ಅಕ್ಕಾ, ಇನ್ನೂ ಇದೆ

ಎರಡು ತಿಂಗಳಿಂದ ಒಂದು ಶಬ್ದ ನನ್ನ ಬೆನ್ನು ಬಿಡುತ್ತಿಲ್ಲ. ‘ಟಕ್’. ಹಳೆಯ ಟೇಪ್ ರೆಕಾರ್ಡರಿನ ಸ್ಟಾಪ್ ಬಟನ್ ಒತ್ತಿದಾಗ ಬರುತ್ತಿತ್ತಲ್ಲ, ಆ ಶಬ್ದ. ನಾನೂ ನನ್ನ ತಮ್ಮನೂ ಚಿಕ್ಕವರಿದ್ದಾಗ ಮನೆಯಲ್ಲೇ ಕೂತು ಹಾಡಿ, ಬಾರಿಸಿ, ರೆಕಾರ್ಡ್ ಮಾಡಿಕೊಂಡ 9 ಕ್ಯಾಸೆಟ್‌ಗಳು ನನ್ನ ಹತ್ತಿರ ಉಳಿದಿವೆ. ಟೇಪು ಪೂರ್ತಿ ಹಾಳಾಗುವ ಮುಂಚೆ ಅವನ್ನು ಕಂಪ್ಯೂಟರಿಗೆ ಹಾಕಿಕೊಳ್ಳೋಣ ಅಂತ ಕೂತೆ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಅವಸರ ಮಾಡುವ ಹಾಗಿಲ್ಲ. ಹಾಗಾಗಿ ಹೆಡ್‌ಫೋನ್ ಹಾಕಿಕೊಂಡು ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಕೇಳಿದೆ. ಮೊದಲ ಎರಡು ಕ್ಯಾಸೆಟ್ ಕೇಳುವಾಗ ಖುಷಿಯಲ್ಲಿದ್ದೆ. ಮೂರನೆಯದರ ಹೊತ್ತಿಗೆ ಏನೋ ಚುಚ್ಚತೊಡಗಿತು. ಏನು ಅಂತ ಕೂಡಲೇ ತಿಳಿಯಲಿಲ್ಲ.

ತಿಳಿದದ್ದು ಕಿವಿಯಿಂದಲ್ಲ, ಕಣ್ಣಿಂದ. ಕಂಪ್ಯೂಟರಿನಲ್ಲಿ ದನಿ ಅಲೆಯ ಹಾಗೆ ಕಾಣುತ್ತದೆ. ಪ್ರತಿ ತುಣುಕು ಮುಗಿಯುವ ಕಡೆ ಒಂದು ಚೂಪಾದ ಗೆರೆ. ಅದೇ ಟಕ್. ಆ ಗೆರೆಗಿಂತ ಮುಂಚೆ ಅಲೆ ಸಣ್ಣದಾಗುತ್ತಾ ಬಂದು ಮಲಗಿರಬೇಕು, ಹಾಡು ಮುಗಿದಿದ್ದರೆ. ಎಷ್ಟೋ ಕಡೆ ಹಾಗಿರಲಿಲ್ಲ. ಅಲೆ ಮೇಲೇಳುತ್ತಿರುವಾಗಲೇ ಗೆರೆ. ನಾನು ಒಂದು ಹಾಳೆ ತೆಗೆದುಕೊಂಡು ಎಣಿಸಿದೆ. ಒಟ್ಟು 74 ತುಣುಕು. ಅದರಲ್ಲಿ 51ರಲ್ಲಿ ಟಕ್ ಬಿದ್ದಿರುವುದು ತಮ್ಮ ನುಡಿಸುತ್ತಿರುವಾಗ. ನನ್ನ ಹಾಡಿನ ಮಧ್ಯೆ ಬಿದ್ದದ್ದು ಒಂದೂ ಇಲ್ಲ. ಬಟನ್ ಇದ್ದದ್ದು ನನ್ನ ಕೈಯಲ್ಲಿ.

ಎರಡು ಬಟನ್

ಆ ಕಾಲದ ರೆಕಾರ್ಡರ್ ಬಳಸಿದವರಿಗೆ ನೆನಪಿರುತ್ತದೆ. ರೆಕಾರ್ಡ್ ಮಾಡಬೇಕಾದರೆ ಕೆಂಪು ಬಟನ್ನನ್ನೂ ಪ್ಲೇ ಬಟನ್ನನ್ನೂ ಒಟ್ಟಿಗೆ ಒತ್ತಬೇಕಿತ್ತು. ಕೈತಪ್ಪಿ ಇದ್ದದ್ದು ಅಳಿಸಿಹೋಗಬಾರದು ಅಂತ ಆ ಏರ್ಪಾಟು. ಬಟನ್ ಗಟ್ಟಿ. ಒಳಗೆ ಸ್ಪ್ರಿಂಗ್ ಇರುತ್ತದೆ, ಸದ್ದನ್ನು ಟೇಪಿನ ಮೇಲೆ ಕಾಂತಗುರುತಾಗಿ ಬರೆಯುವ, ಓದುವ ಹೆಡ್ಡನ್ನು ಟೇಪಿಗೆ ತಾಗಿಸುವುದು ನಮ್ಮ ಬೆರಳಿನ ಬಲವೇ. ನನಗಾಗ 12, ಅವನಿಗೆ 8. ಅವನ ಬೆರಳಿಗೆ ಅಷ್ಟು ಬಲ ಇಲ್ಲ ಅಂತ ನಾನೇ ತೀರ್ಮಾನ ಮಾಡಿದ್ದೆ. ಅವನೂ ಒಪ್ಪಿದ್ದ. ಹಾಗೆ ಶುರುವಾದದ್ದು ಮುಂದೆ ಕಾನೂನೇ ಆಯಿತು. ಶುರು ಮಾಡುವವಳು ಅಕ್ಕ, ನಿಲ್ಲಿಸುವವಳೂ ಅಕ್ಕ.

ನನ್ನ ಕಡೆಯಿಂದ ನ್ಯಾಯವೂ ಸ್ವಲ್ಪ ಇತ್ತು ಅನ್ನಿ. ಕ್ಯಾಸೆಟ್ ಎಂದರೆ ಒಂದು ಕಡೆಗೆ 30 ನಿಮಿಷ, ಅಷ್ಟೇ. ಹೊಸದು ಕೇಳಿದಾಗೆಲ್ಲ ಸಿಗುತ್ತಿರಲಿಲ್ಲ. ಹಳೆಯ ಹಾಡಿನ ಕ್ಯಾಸೆಟ್ಟುಗಳ ಬೆನ್ನಲ್ಲಿ ಮುರಿದಿರುತ್ತಿದ್ದ ಆ ಎರಡು ಪುಟ್ಟ ಕಿಂಡಿಗಳಿಗೆ ಕಾಗದ ತುರುಕಿ, ಅದರ ಮೇಲೆಯೇ ರೆಕಾರ್ಡ್ ಮಾಡುತ್ತಿದ್ದೆವು. ನಮ್ಮ ಹಾಡು ನಿಂತ ಕೂಡಲೇ ಯಾವುದೋ ದೊಡ್ಡ ಗಾಯಕರ ದನಿ ಅರ್ಧದಿಂದ ಎದ್ದುಬರುವುದು ಅದಕ್ಕೇ. ಸೀಸದಕಡ್ಡಿ ತೂರಿಸಿ ಟೇಪು ಸುತ್ತುತ್ತಿದ್ದೆವು, ಸೆಲ್ ಉಳಿಯಲಿ ಅಂತ. ಇಷ್ಟೆಲ್ಲ ಉಳಿಸುವ ಬುದ್ಧಿ ಇದ್ದ ಹುಡುಗಿಗೆ ತಮ್ಮ ಒಂದೇ ತಾಳವನ್ನು ಎರಡು ನಿಮಿಷ ಬಾರಿಸುತ್ತಾ ಕೂತರೆ ಟೇಪು ದಂಡ ಅನ್ನಿಸುತ್ತಿತ್ತು.

ಫಿಲಿಪ್ಸ್ ಕಂಪನಿ ಈ ಕ್ಯಾಸೆಟ್ಟನ್ನು 1963ರಲ್ಲಿ ಬರ್ಲಿನ್‌ನ ರೇಡಿಯೋ ಪ್ರದರ್ಶನದಲ್ಲಿ ತೋರಿಸಿದಾಗ ಅದರಿಂದ ಸಂಗೀತದ ಕೆಲಸ ಆಗುತ್ತದೆ ಅಂತ ಹೆಚ್ಚು ಜನ ಅಂದುಕೊಂಡಿರಲಿಲ್ಲ. ಮಾತು ಹಿಡಿದಿಡಲು ಸಾಕು ಅನ್ನುವ ವಸ್ತು ಅದು. ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ, ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ಹೀಗೆ ನಿಧಾನವಾಗಿ ಓಡುವ ಸಣ್ಣ ಪಟ್ಟಿಯ ಮೇಲೆ ಹಿಸ್ಸ್ ಅನ್ನುವ ಸದ್ದು ಇದ್ದೇ ಇರುತ್ತದೆ. ಆದರೆ ಆ ಹಿಸ್ಸಿನ ಒಳಗೆ ಎಷ್ಟು ಮನೆಗಳ ಎಷ್ಟು ಮಕ್ಕಳು ಕೂತಿದ್ದಾರೋ! ಅಳಿಸಬಹುದು, ಮತ್ತೆ ಮಾಡಬಹುದು, ಯಾರನ್ನೂ ಕೇಳಬೇಕಿಲ್ಲ. ಮಕ್ಕಳಿಗೆ ಇದಕ್ಕಿಂತ ಏನು ಬೇಕು?

ನಮ್ಮ ದೊಡ್ಡ ಜಗಳ ಮಾತ್ರ ಇನ್ನೊಂದು ಕಾರಣಕ್ಕೆ. ತಮ್ಮನ ವಾದ್ಯ ಒಂದು ಹಳೆಯ ಸೂಟ್‌ಕೇಸ್. ಅವನು ಅದನ್ನು ಬಾರಿಸಿದ ಕೂಡಲೇ ನನ್ನ ದನಿ ಪಾತಾಳಕ್ಕೆ ಇಳಿಯುತ್ತಿತ್ತು. ಅವನು ನಿಲ್ಲಿಸಿದರೆ ನಿಧಾನವಾಗಿ ಮೇಲೆ ಬರುತ್ತಿತ್ತು. “ನೀನು ಬೇಕೂಂತಾನೇ ಜೋರಾಗಿ ಬಾರಿಸ್ತೀಯ” ಅಂತ ನಾನು. “ಇಲ್ಲಕ್ಕ, ಮೆತ್ತಗೆ ಹೊಡೆದೆ” ಅಂತ ಅವನು. ಅವನು ಹೇಳುತ್ತಿದ್ದದ್ದು ನಿಜ. ಇಂಥ ಸಣ್ಣ ರೆಕಾರ್ಡರುಗಳಲ್ಲಿ ದನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುವ ಸರ್ಕ್ಯೂಟ್ ಒಂದು ಇರುತ್ತದೆ. ಜೋರಾದ ಸದ್ದು ಬಂದರೆ ಅದು ಎಲ್ಲವನ್ನೂ ಒತ್ತಿಹಿಡಿಯುತ್ತದೆ. ಸದ್ದಿಲ್ಲದಿದ್ದರೆ ಕಿವಿ ನಿಮಿರಿಸಿಕೊಂಡು ಕೋಣೆಯಲ್ಲಿರುವ ಅತಿ ಸಣ್ಣ ಸದ್ದನ್ನೂ ದೊಡ್ಡದು ಮಾಡುತ್ತದೆ. ನನಗದು ಗೊತ್ತಿರಲಿಲ್ಲ. ನಾನು ಮಾಡಿದ ಉಪಾಯ ಅಂದರೆ ತಮ್ಮನನ್ನು ಕೋಣೆಯ ಆ ಮೂಲೆಗೆ ಕಳಿಸಿದ್ದು. ಅವನ ಮುಂದೆ ಮಡಚಿದ ಹಾಸಿಗೆ ಅಡ್ಡ. 9 ಕ್ಯಾಸೆಟ್‌ಗಳಲ್ಲೂ ನಾನು ಕಿವಿಯ ಹತ್ತಿರ ಇದ್ದೇನೆ. ಅವನು ದೂರ, ಹಾಸಿಗೆಯ ಹಿಂದೆ.

ಬೀಗದ ಹಾಡು

ನಮ್ಮ ಆಟಕ್ಕೆ ‘ಹಾಡಾಟ’ ಅಂತ ಹೆಸರು. ನಿಯಮ ಒಂದೇ. ಮೊದಲೇ ಇರುವ ಹಾಡು ಹಾಡಬಾರದು. ಒಬ್ಬರು ಕೋಣೆಯಲ್ಲಿ ಕಣ್ಣಿಗೆ ಬಿದ್ದ ವಸ್ತುವಿನ ಹೆಸರು ಹೇಳಬೇಕು, ಇನ್ನೊಬ್ಬರು ಆ ಉಸಿರಿನಲ್ಲೇ ಅದರ ಮೇಲೆ ಹಾಡು ಶುರು ಮಾಡಬೇಕು. ಬಕೆಟ್, ಕೊಡೆ, ಸ್ವಿಚ್ಚು, ಹರಿದ ಚಪ್ಪಲಿ. ಬಾಚಣಿಗೆಗೆ ತೆಳು ಕಾಗದ ಸುತ್ತಿ ತುಟಿಗೆ ಇಟ್ಟು ಊದಿದರೆ ಅದು ನಮ್ಮ ಪೀಪಿ. ಖಾಲಿ ಡಬ್ಬಕ್ಕೆ ಐದು ರಬ್ಬರ್ ಬ್ಯಾಂಡ್ ಎಳೆದು ಹಾಕಿದರೆ ತಂತಿವಾದ್ಯ. ಎರಡು ಮನೆ, ಅಂದರೆ ಸ್ವರ ಒತ್ತುವ ಪಟ್ಟಿ, ಕೆಟ್ಟುಹೋಗಿದ್ದ ಒಂದು ಆಟದ ಕೀಬೋರ್ಡು ಇತ್ತು. ಕೆಟ್ಟ ಮನೆ ಬಂದಾಗ ಆ ಸ್ವರವನ್ನು ಬಾಯಲ್ಲಿ ಹಾಡಬೇಕು. ಇದು ತಮ್ಮ ಕಂಡುಹಿಡಿದದ್ದು. ಈಗ ಕೇಳಿದರೆ ಅದರಷ್ಟು ಚೆಂದದ್ದು ಆ ಕ್ಯಾಸೆಟ್ಟುಗಳಲ್ಲಿ ಇನ್ನೊಂದಿಲ್ಲ ಅನ್ನಿಸುತ್ತದೆ. ಪ್ಲಾಸ್ಟಿಕ್ಕಿನ ಸ್ವರಗಳ ನಡುವೆ ಇದ್ದಕ್ಕಿದ್ದಂತೆ ಒಂದು ಎಳೆಯ ಗಂಟಲು.

ನಾಲ್ಕನೇ ಕ್ಯಾಸೆಟ್ಟಿನಲ್ಲಿ ‘ಬೀಗ’ ಇದೆ. ವಸ್ತು ಹೇಳಿದವನು ತಮ್ಮ. ನಾನು ತಡವರಿಸದೆ ಎತ್ತಿಕೊಂಡಿದ್ದೇನೆ. “ಬೀಗಕ್ಕೆ ಬಾಯುಂಟು, ಮಾತಿಲ್ಲ. ಕೀಲಿಗೆ ಹಲ್ಲುಂಟು, ಊಟಿಲ್ಲ.” 12 ವರ್ಷದವಳಿಗೆ ಪರವಾಗಿಲ್ಲ, ಅಲ್ವಾ? ನನಗೂ ಅವತ್ತು ಹಾಗೇ ಅನ್ನಿಸಿರಬೇಕು, ಯಾಕೆಂದರೆ ಎರಡನೇ ಸಲ ಹಾಡುವಾಗ ದನಿಯಲ್ಲಿ ಹೆಮ್ಮೆ ಕೇಳುತ್ತದೆ. ಹಾಸಿಗೆಯ ಹಿಂದಿನಿಂದ ಸೂಟ್‌ಕೇಸ್ ತಾಳ. ನಾನು ನಾಲ್ಕು ಸಾಲು ಹಾಡಿ, ಮೊದಲ ಸಾಲಿಗೆ ವಾಪಸ್ ಬಂದು, ಕೊನೆಯ ಸ್ವರವನ್ನು ಎಳೆದು ಮುಗಿಸಿದೆ. ಎರಡು ವರ್ಷ ಸಂಗೀತ ಪಾಠಕ್ಕೆ ಹೋಗಿದ್ದೆ. ಹಾಡು ಅಂದಮೇಲೆ ಎಲ್ಲಿಂದ ಹೊರಟಿತೋ ಅಲ್ಲಿಗೇ ಬಂದು ಕೂರಬೇಕು ಅಂತ ನನಗೆ ಗೊತ್ತಿತ್ತು. ತಮ್ಮ ಯಾವ ಪಾಠಕ್ಕೂ ಹೋದವನಲ್ಲ. ಅವನಿಗೆ ಅಲ್ಲಿಂದಲೇ ಶುರು. ‘ಹಲ್ಲುಂಟು’ ಅನ್ನುವ ಒಂದು ಪದ ಹಿಡಿದುಕೊಂಡ. ಹಲ್ಲುಂಟು, ಹಲ್ಲುಂಟು, ಹಲ್ಲುಂಟು. ಮೊದಲು ತಾಳದ ಮೇಲೆ, ಆಮೇಲೆ ತಾಳದ ಸಂದಿಯಲ್ಲಿ, ಆಮೇಲೆ ‘ಹಲ್’ ಒಂದು ಕಡೆ ‘ಲುಂಟು’ ಇನ್ನೊಂದು ಕಡೆ. ಪದ ಒಡೆದು ಬರೀ ಸದ್ದಾಗುತ್ತಾ ಹೋಯಿತು. ಬರಬರುತ್ತಾ ವೇಗವೂ ಹೆಚ್ಚಿತು. ಹಾಡುತ್ತಾ ಹಾಡುತ್ತಾ ಅಲ್ಲೇ ಹೊಸದು ಹುಟ್ಟಿಸುವುದಕ್ಕೆ ಸಂಗೀತ ಕಲಿತವರು ಮನೋಧರ್ಮ ಅನ್ನುತ್ತಾರಲ್ಲ, ಅದು ಇದಕ್ಕಿಂತ ಬೇರೇನು? ಆದರೆ ನನ್ನ ಕಿವಿಗೆ ಹಾಡು ಮುಗಿದಿತ್ತು. ಅವನ ದನಿ ಏರುತ್ತಿದೆ, ನನ್ನ ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ಹತ್ತಿರ ಬರುತ್ತದೆ. ಅವನಿಗೂ ಅದು ಕೇಳಿಸಿದೆ. ಹಾಡುವುದನ್ನು ಬಿಟ್ಟು ಬೇಗ ಬೇಗ ಹೇಳುತ್ತಾನೆ: “ಅಕ್ಕಾ, ಇನ್ನೂ ಇ—”

ಟಕ್.

ಇದನ್ನು ನಾನು ಎಷ್ಟು ಸಲ ಕೇಳಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ‘ದೆ’ ಅನ್ನುವ ಒಂದು ಅಕ್ಷರ ಬೀಳುವಷ್ಟು ಸಮಯ ಕೊಡಲಿಲ್ಲ ನಾನು.

ಆ ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಅವನು ಈಗ ಬೇರೆ ಊರಲ್ಲಿದ್ದಾನೆ. ತುಣುಕು ಕಳಿಸಿದ್ದೆ, ಕೇಳಿದ್ದ. ನಾನು ಕ್ಷಮೆ ಕೇಳುವ ಮಾತು ಶುರು ಮಾಡುತ್ತಿದ್ದ ಹಾಗೇ ಅವನು ಬೇರೆ ವಿಷಯ ಎತ್ತಿದ. “ಅಕ್ಕ, ನಾನು ಯಾಕೆ ಓಡ್ತಿದೀನಿ ಅಂತ ಗೊತ್ತಾಯ್ತಾ?” ಗೊತ್ತಾಗಿರಲಿಲ್ಲ. ನನ್ನ ಪ್ರಕಾರ ಅವನಿಗೆ ಲಯ ನಿಲ್ಲುತ್ತಿರಲಿಲ್ಲ. ಎಲ್ಲ ತುಣುಕುಗಳಲ್ಲೂ ಕೊನೆಗೆ ಓಡುತ್ತಾನೆ. ಅದನ್ನು ಅವನ ಮುಂದೆಯೇ ಎಷ್ಟೋ ಸಲ ಹೇಳಿದ್ದೆ, ದೊಡ್ಡವರಾದ ಮೇಲೂ. “ನಿನ್ನ ಬೆರಳು ನೋಡ್ತಿದ್ದೆ. ನೀನು ಒತ್ತೋಕೆ ಮುಂಚೆ ಇರೋದೆಲ್ಲ ಒಳಗೆ ಹಾಕಿಬಿಡಬೇಕು ಅಂತ” ಅಂದ. ಸುಮ್ನೆ ಹೇಳಿದ, ದೂರು ಹೇಳುವ ದನಿ ಇರಲಿಲ್ಲ. ನಾನು ಫೋನ್ ಹಿಡಿದುಕೊಂಡು ಏನೂ ಹೇಳಲಾಗದೆ ಕೂತೆ.

ಯಾರ ಕೈ

ಅಣ್ಣತಮ್ಮ, ಅಕ್ಕತಂಗಿ ಸೇರಿ ಮಾಡಿದ ಸಂಗೀತದ ಬಗ್ಗೆ ಜನ ಮಾತಾಡುವಾಗ ರಕ್ತದ ವಿಷಯ ಬಂದೇ ಬರುತ್ತದೆ. ಒಂದೇ ಮನೆಯಲ್ಲಿ ಹುಟ್ಟಿದವರ ದನಿ ಒಂದರೊಳಗೊಂದು ಕರಗುತ್ತದೆ ಅಂತ. ಅದರಲ್ಲಿ ನಿಜ ಇದೆ. ಗಂಟಲಿನ, ಬಾಯಿಯ ಆಕಾರ ಹೋಲುತ್ತದೆ. ಅದಕ್ಕಿಂತ ಹೆಚ್ಚಾಗಿ ಅಕ್ಷರಗಳನ್ನು ಉಚ್ಚರಿಸುವ ರೀತಿ ಒಂದೇ. ‘ಅ’ ಅನ್ನುವಾಗ ಇಬ್ಬರ ಬಾಯಿಯೂ ಅಷ್ಟೇ ತೆರೆಯುತ್ತದೆ. ನಮ್ಮ ಕ್ಯಾಸೆಟ್ಟಿನಲ್ಲಿ ಇಬ್ಬರೂ ಒಟ್ಟಿಗೆ ಹಾಡಿದ ಕಡೆ ಯಾವ ದನಿ ನನ್ನದು ಅಂತ ನನಗೇ ಗೊತ್ತಾಗಲಿಲ್ಲ. ಹಾಡುವಾಗ ನಮ್ಮ ದನಿ ನಮಗೆ ಗಾಳಿಯಿಂದಲೂ ಬರುತ್ತದೆ, ತಲೆಬುರುಡೆಯ ಮೂಳೆಯ ಮೂಲಕವೂ ಬರುತ್ತದೆ. ಮೂಳೆಯ ದಾರಿಯಲ್ಲಿ ತಗ್ಗಿನ ಕಂಪನಗಳು ಚೆನ್ನಾಗಿ ಸಾಗುವುದರಿಂದ ನಮಗೆ ನಮ್ಮ ದನಿ ತುಂಬಿಕೊಂಡ ಹಾಗೆ ಕೇಳುತ್ತದೆ. ರೆಕಾರ್ಡಿನಲ್ಲಿ ಆ ಮೂಳೆಯ ಪಾಲು ಇಲ್ಲ. ಹಾಗಾಗಿ ನಾನು ನನ್ನದು ಅಂತ ನೆನಪಿಟ್ಟುಕೊಂಡಿದ್ದ ದನಿ ಆ ಟೇಪಿನಲ್ಲಿ ಎಲ್ಲೂ ಇಲ್ಲ. ಎರಡು ತೆಳು ದನಿಗಳಿವೆ. ಯಾವುದು ಅಪ್ಪಣೆ ಕೊಡುತ್ತದೋ ಅದು ನಾನು. ಹಾಗೆ ಗುರುತು ಹಿಡಿದೆ.

ಆದ್ದರಿಂದಲೇ ಈಗ ನನಗೆ ರಕ್ತದ ವಿಷಯಕ್ಕಿಂತ ಕೈಯ ವಿಷಯ ಮುಖ್ಯ ಅನ್ನಿಸುತ್ತಿದೆ. ಒಡಹುಟ್ಟಿದವರು ಸೇರಿ ಸಂಗೀತ ಮಾಡುವಾಗ ಶುರು ಮಾಡುವ, ನಿಲ್ಲಿಸುವ ಹಕ್ಕು ಯಾರ ಕೈಯಲ್ಲಿತ್ತು? ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಡಾಟ್, ಬೆಟ್ಟಿ, ಹೆಲೆನ್ ವಿಗ್ಗಿನ್ ಅನ್ನುವ ಮೂವರು ಅಕ್ಕತಂಗಿಯರು ಇದ್ದರು. ‘ಶ್ಯಾಗ್ಸ್’ ಅನ್ನುವುದು ಅವರ ತಂಡದ ಹೆಸರು. 1969ರಲ್ಲಿ ಅವರು ರೆಕಾರ್ಡ್ ಮಾಡಿದ ಹಾಡುಗಳಲ್ಲಿ ಗಿಟಾರು ಒಂದು ಕಡೆ, ಡ್ರಮ್ಮು ಇನ್ನೊಂದು ಕಡೆ. ದನಿ ಮಾತ್ರ ಎರಡನ್ನೂ ನಂಬಿಕೊಂಡು ನಡೆಯುತ್ತದೆ. ಕೆಲವರಿಗೆ ಅದು ಕೇಳಲಾಗದ ಸಂಗೀತ, ಇನ್ನು ಕೆಲವರಿಗೆ ಅದರಷ್ಟು ನಿಷ್ಕಪಟವಾದದ್ದು ಬೇರೆ ಇಲ್ಲ. ನಾನು ಎರಡನೇ ಗುಂಪಿನವಳು. ಆದರೆ ಅವರನ್ನು ಶಾಲೆ ಬಿಡಿಸಿ, ತಂಡ ಕಟ್ಟಿಸಿ, ಸ್ಟುಡಿಯೋಗೆ ಕರೆದುಕೊಂಡು ಹೋದದ್ದು ಅಪ್ಪ. 1975ರಲ್ಲಿ ಅಪ್ಪ ತೀರಿಕೊಂಡರು. ತಂಡ ಅಲ್ಲಿಗೇ ನಿಂತಿತು. ಇದನ್ನು ಓದಿದ ದಿನ ನನಗೆ ತುಂಬಾ ಸಂಕಟವಾಯಿತು. ಅಷ್ಟು ವರ್ಷ ದಿನವೂ ಒಟ್ಟಿಗೆ ನುಡಿಸಿದ ಆ ಹುಡುಗಿಯರಿಗೆ ‘ಇವತ್ತು ಸಾಕು’ ಅನ್ನುವ ಅವಕಾಶವಾಗಲೀ ‘ಇನ್ನೂ ಇದೆ’ ಅನ್ನುವ ಅವಕಾಶವಾಗಲೀ ಸಿಕ್ಕಿತ್ತಾ?

ಇನ್ನೊಂದು ತುದಿಯಲ್ಲಿ ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್ ಮತ್ತು ಅವಳ ಹಾಡುಗಳನ್ನು ರೆಕಾರ್ಡ್ ಮಾಡುವ ಅಣ್ಣ ಫಿನಿಯಸ್. ವಯಸ್ಸಿನಲ್ಲಿ ನಾಲ್ಕು ವರ್ಷ ವ್ಯತ್ಯಾಸ, ನಮ್ಮ ಹಾಗೆಯೇ. 2019ರಲ್ಲಿ ಬಂದ ಅವಳ ಮೊದಲ ಪೂರ್ತಿ ಆಲ್ಬಮ್ ಹೆಚ್ಚು ಪಾಲು ರೆಕಾರ್ಡ್ ಆದದ್ದು ಅಪ್ಪಅಮ್ಮನ ಮನೆಯಲ್ಲಿ, ಅಣ್ಣನ ಮಲಗುವ ಕೋಣೆಯಲ್ಲಿ. ಮರುವರ್ಷ ಅದಕ್ಕೆ ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಅಲ್ಲೂ ಬಟನ್ ದೊಡ್ಡವನ ಕೈಯಲ್ಲೇ. ಆದರೆ ಹಾಡು ಕೇಳಿದರೆ ತಂಗಿಯ ದನಿ ಪಿಸುಮಾತಿನಷ್ಟು ಹತ್ತಿರ ಇದೆ. ಯಾರೂ ಅವಳನ್ನು ಹಾಸಿಗೆಯ ಹಿಂದೆ ಕೂರಿಸಿಲ್ಲ. ಬಟನ್ ಒಬ್ಬರ ಕೈಯಲ್ಲಿದ್ದೂ ಇನ್ನೊಬ್ಬರಿಗೆ ಹೆದರಿಕೆ ಇಲ್ಲದಿರುವುದು ಸಾಧ್ಯ ಅಂತ ಆಯಿತಲ್ಲ. ಅದು ನನಗೆ ಆಗ ಗೊತ್ತಾಗಿದ್ದರೆ ಅಂತ ಅನ್ನಿಸದೆ ಇರಲಿಲ್ಲ.

(ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಒಂಬತ್ತರಲ್ಲಿ ಒಂದು ಕ್ಯಾಸೆಟ್ ಪೂರ್ತಿ ಇಲಿಮರಿಗಳು ಹಾಡಿದ ಹಾಗಿದೆ. ಸೆಲ್ ಮುಗಿಯುತ್ತಾ ಬಂದಾಗ ಮೋಟಾರು ನಿಧಾನವಾಗುತ್ತದೆ. ಆಗ ರೆಕಾರ್ಡ್ ಮಾಡಿದ್ದನ್ನು ಹೊಸ ಸೆಲ್ ಹಾಕಿ ಕೇಳಿದರೆ ದನಿ ಏರಿ ಕೀಚಲಾಗುತ್ತದೆ. ಇದು ತಿಳಿದ ಮೇಲೆ ತಮ್ಮ ಸಾಯುತ್ತಿರುವ ಸೆಲ್‌ಗಳನ್ನು ಬೇರೆ ಎತ್ತಿಡತೊಡಗಿದ. ಅವನ ಪಾಲಿಗೆ ಅವೂ ವಾದ್ಯಗಳೇ. ಆಮೇಲೆ ಇನ್ನೊಂದು ರೆಕಾರ್ಡರ್ ಮನೆಗೆ ಬಂದಾಗ ಒಂದರಲ್ಲಿ ಹಳೆಯದನ್ನು ಹಾಕಿ, ಅದರ ಜೊತೆ ಹಾಡಿ, ಎರಡನೆಯದರಲ್ಲಿ ಹಿಡಿಯುವುದನ್ನೂ ಕಲಿತೆವು. ಇಬ್ಬರೇ ಇದ್ದವರು ನಾಲ್ವರಾದೆವು, ಆರಾದೆವು. ಪ್ರತಿ ಸಲವೂ ಹಿಸ್ಸ್ ಮಾತ್ರ ಹೆಚ್ಚುತ್ತಿತ್ತು. ಇದೇ ಕೆಲಸವನ್ನು ಒಂದೇ ಕ್ಯಾಸೆಟ್ಟಿನಲ್ಲಿ ನಾಲ್ಕು ಟ್ರ್ಯಾಕ್, ಅಂದರೆ ನಾಲ್ಕು ಬೇರೆ ಬೇರೆ ದನಿಯ ಸಾಲು, ಮಾಡಿ ಅಚ್ಚುಕಟ್ಟಾಗಿ ಮಾಡುವ ಯಂತ್ರವನ್ನು ಟ್ಯಾಸ್ಕ್ಯಾಮ್ ಕಂಪನಿ 1979ರಲ್ಲೇ ತಂದಿತ್ತು ಅಂತ ನಮಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.)

ಏಳನೇ ಕ್ಯಾಸೆಟ್, ಬಿ ಸೈಡ್

ಏಳನೇ ಕ್ಯಾಸೆಟ್ಟಿನ ಬಿ ಸೈಡ್ ಖಾಲಿ ಅಂತ ನಾನು ತಿಳಿದಿದ್ದೆ. ಮೇಲೆ ಏನೂ ಬರೆದಿರಲಿಲ್ಲ. ಆದರೂ ಹಾಕಿದೆ. ಕಂಬಳಿ ಹೊದಿಸಿದ ಹಾಗೆ ಮಂಕಾದ ಸದ್ದು ಬಂತು. ಇದು ಆ ಎರಡನೇ ರೆಕಾರ್ಡರಿನಲ್ಲಿ ಮಾಡಿದ್ದಿರಬೇಕು ಅಂತ ಹೊಳೆಯಿತು. ಎರಡು ಯಂತ್ರಗಳ ಹೆಡ್ ಒಂದೇ ಕೋನದಲ್ಲಿ ಕೂತಿರುವುದಿಲ್ಲ. ಕೂದಲೆಳೆಯಷ್ಟು ವಾರೆಯಾದರೂ ಮೇಲಿನ ಸ್ಥಾಯಿಯ ಸದ್ದೆಲ್ಲ ಮಾಯವಾಗುತ್ತದೆ. ಹೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಟೇಪು ಓಡುತ್ತಿರುವಾಗಲೇ ಸ್ಕ್ರೂಡ್ರೈವರ್ ಹಿಡಿದು ಅದನ್ನು ಚೂರು ಚೂರೇ ತಿರುಗಿಸಬೇಕು, ಕಿವಿಯನ್ನೇ ನಂಬಿ. ತಿರುಗಿಸಿದೆ. ಒಂದು ಕಡೆ ಕಿಟಕಿ ತೆರೆದ ಹಾಗಾಯಿತು.

ಮೊದಲು ಏದುಸಿರು. ಆಮೇಲೆ “ಆಯ್ತು, ಹೋಗ್ತಿದೆ” ಅಂತ ತಮ್ಮ ತನಗೆ ತಾನೇ ಹೇಳಿಕೊಳ್ಳುವುದು. ಎರಡೂ ಬಟನ್ನನ್ನು ಅವನೊಬ್ಬನೇ ಒತ್ತಿದ್ದಾನೆ! ಬೆರಳಿನಲ್ಲಿ ಬಲ ಇತ್ತು. ಸೂಟ್‌ಕೇಸ್ ಇಲ್ಲ. ಡಬ್ಬಕ್ಕೆ ಕಟ್ಟಿದ ರಬ್ಬರ್ ಬ್ಯಾಂಡ್‌ಗಳು. ಒಂದೊಂದನ್ನೇ ಎಳೆದು ಬಿಟ್ಟು ಶ್ರುತಿ ನೋಡಿಕೊಳ್ಳುತ್ತಾನೆ. ಒಂದು ಸಡಿಲವಾಗಿದೆ, ಡಬ್ಬದ ಅಂಚಿಗೆ ಎಳೆದು ಬಿಗಿ ಮಾಡುತ್ತಾನೆ. ಯಾವ ಅವಸರವೂ ಇಲ್ಲ. ಆಮೇಲೆ ನುಡಿಸಲು ಶುರು ಮಾಡುತ್ತಾನೆ. ನಾಲ್ಕು ಮೀಟು, ಸ್ವಲ್ಪ ಬಿಡುವು. ಮತ್ತೆ ನಾಲ್ಕು ಮೀಟು, ಬಿಡುವು. ಇದೇ ಹೋಗುತ್ತಾ ಇರುತ್ತದೆ. ಆ ಬಿಡುವಿನಲ್ಲಿ ಏನೋ ಇದೆ ಅನ್ನಿಸಿತು. ದನಿ ಏರಿಸಿದೆ.

ನಾನು ಅದರೊಳಗಿದ್ದೆ. ಪಕ್ಕದ ಕೋಣೆಯಲ್ಲಿ ಮಗ್ಗಿ ಉರು ಹೊಡೆಯುತ್ತಿದ್ದೆ. “ಹದಿನೇಳೊಂದ್ಲಿ ಹದಿನೇಳು, ಹದಿನೇಳೆರಡ್ಲಿ ಮೂವತ್ನಾಲ್ಕು...” ತಮ್ಮ ನನ್ನ ಮಗ್ಗಿಗೆ ನುಡಿಸುತ್ತಿದ್ದಾನೆ. ನನ್ನ ಸಾಲು ಮುಗಿದ ಕಡೆ ಅವನ ಮೀಟು, ಅವನು ಬಿಟ್ಟ ಕಡೆ ನನ್ನ ಸಾಲು. ನಾನು ಹಾಸಿಗೆಯನ್ನು ಅಡ್ಡ ಇಡುವ ಹಾಗೆ ಮಾಡಿದ್ದು ಯಾವ ಸರ್ಕ್ಯೂಟೋ ಅದೇ ಇಲ್ಲಿ ನನ್ನನ್ನು ಹಿಡಿದುಕೊಟ್ಟಿದೆ. ಅವನು ಮೀಟಿದಾಗ ನಾನು ಅಡಗುತ್ತೇನೆ. ಅವನು ಸುಮ್ಮನಾದ ಕೂಡಲೇ ಯಂತ್ರ ಕಿವಿ ದೊಡ್ಡದು ಮಾಡಿ ಗೋಡೆಯಾಚೆಯಿಂದ ನನ್ನನ್ನು ಎತ್ತಿ ತರುತ್ತದೆ. ಜೋರಾಗಿ ನುಡಿಸಿದ್ದರೆ ನಾನು ಈ ಟೇಪಿನಲ್ಲಿ ಇರುತ್ತಲೇ ಇರಲಿಲ್ಲ.

ಹದಿನೇಳರ ಮಗ್ಗಿಯಲ್ಲಿ ನಾನು ಎಂಟಕ್ಕೆ ಬಂದಾಗ ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಟೇಪಿನಲ್ಲೂ ಸಿಕ್ಕಿಹಾಕಿಕೊಂಡಿದ್ದೇನೆ. “ಹದಿನೇಳೆಂಟ್ಲಿ... ಹದಿನೇಳೆಂಟ್ಲಿ...” ಇಲ್ಲಿ ಅವನು ಮುಂದಕ್ಕೆ ಓಡಬಹುದಿತ್ತು. ಓಡಲಿಲ್ಲ. ಮೊದಲ ಎರಡು ಮೀಟನ್ನೇ ಮತ್ತೆ ಮತ್ತೆ ಮೆತ್ತಗೆ ನುಡಿಸುತ್ತಾ ಕಾಯುತ್ತಾನೆ. ಬಾಗಿಲು ತೆರೆದು ಹಿಡಿದುಕೊಂಡು ನಿಂತ ಹಾಗೆ. ಒಂದೇ ವೇಗ, ಸ್ವಲ್ಪವೂ ಆಚೀಚೆ ಇಲ್ಲ. ನಾನು ಅಷ್ಟು ವರ್ಷ ಲಯ ಇಲ್ಲ ಅಂದವನು ಇವನೇ. ಒಂಬತ್ತೋ ಹತ್ತೋ ಸುತ್ತು ಕಾದ ಮೇಲೆ “ನೂರಾ ಮೂವತ್ತಾರು!” ಅಂತ ನನ್ನ ದನಿ ಬರುತ್ತದೆ. ಆಗ ಅವನು ಐದೂ ತಂತಿಗಳನ್ನು ಒಟ್ಟಿಗೆ ಎಳೆದು ಬಿಡುತ್ತಾನೆ. ಸಣ್ಣದಾಗಿ ನಗುತ್ತಾನೆ. ಮುಂದಿನ ಸಾಲಿಗೆ ಸಿದ್ಧನಾಗುತ್ತಾನೆ.

ಇದು 30 ನಿಮಿಷ ಇದೆ. ಟೇಪು ಮುಗಿದು ಯಂತ್ರ ತಾನಾಗಿಯೇ ನಿಲ್ಲುವವರೆಗೆ. ಆ 74ರ ಲೆಕ್ಕಕ್ಕೆ ಇದನ್ನು ನಾನು ಸೇರಿಸಿಲ್ಲ.

ಇನ್ನೊಂದು ಸಂಗತಿ ಇದೆ. ಟೇಪನ್ನು ವರ್ಷಗಟ್ಟಲೆ ಸುತ್ತಿಟ್ಟರೆ ಒಂದು ಸುತ್ತಿನ ಕಾಂತಗುರುತು ಅದಕ್ಕೆ ಅಂಟಿಕೊಂಡ ಪಕ್ಕದ ಸುತ್ತಿಗೂ ತುಸು ಇಳಿಯುತ್ತದೆ. ಹಾಗಾಗಿ ಮೌನ ಇರುವ ಕಡೆ, ಮುಂದೆ ಬರುವ ಜೋರಾದ ಸದ್ದಿನ ನೆರಳು ಒಂದೆರಡು ಸೆಕೆಂಡ್ ಮುಂಚೆಯೇ ಕೇಳುತ್ತದೆ. ಬಿ ಸೈಡಿನಲ್ಲಿ, ಅವನು ಶ್ರುತಿ ಮುಗಿಸಿ ಸುಮ್ಮನೆ ಕೂತ ಆ ಗಳಿಗೆಯಲ್ಲಿ, ಮೊದಲ ಮೀಟಿಗಿಂತ ಮುಂಚೆ ಆ ಮೀಟು ತೀರಾ ಸಣ್ಣದಾಗಿ ಕೇಳುತ್ತದೆ. ಸದ್ದು ಶುಚಿ ಮಾಡುವ ಸಾಫ್ಟ್‌ವೇರಿನಲ್ಲಿ ಅದನ್ನು ತೆಗೆದುಹಾಕಬಹುದು. ನಾನು ಮುಟ್ಟಲಿಲ್ಲ.

ದೂರ

ಮತ್ತೆ ಹಾಡಾಟ ಆಡೋಣ ಅಂತ ಅಂದವನು ತಮ್ಮ. ವಿಡಿಯೋ ಕರೆ ಮಾಡಿ ಇಬ್ಬರೂ ಅವರವರ ಮನೆಯಲ್ಲಿ ಕೂತೆವು. ಹತ್ತು ನಿಮಿಷಕ್ಕೆ ಕೈಬಿಟ್ಟೆವು. ಕಾರಣ ಸರಳ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಒಂದೇ ಕೋಣೆಯಲ್ಲಿ ಎದುರುಬದುರು ಕೂತರೆ ಆರೋ ಒಂಬತ್ತೋ ಮಿಲಿಸೆಕೆಂಡ್ ತಡ, ಕಿವಿಗೆ ಗೊತ್ತೇ ಆಗುವುದಿಲ್ಲ. ತಡ 25–30 ಮಿಲಿಸೆಕೆಂಡ್ ದಾಟಿದರೆ ಇಬ್ಬರೂ ಒಬ್ಬರನ್ನೊಬ್ಬರು ಕಾಯತೊಡಗುತ್ತಾರೆ, ಹಾಡು ಎಳೆಯತೊಡಗುತ್ತದೆ. ವಿಡಿಯೋ ಕರೆಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ತಡ. ಜೊತೆಗೆ ಕರೆಯ ಆಪ್‌ಗಳು ಮಾತನ್ನು ಮಾತ್ರ ಉಳಿಸಿ ಮಿಕ್ಕಿದ್ದನ್ನು ಗದ್ದಲ ಅಂತ ಅಳಿಸುತ್ತವೆ. ಅವನು ಮೇಜು ಬಾರಿಸುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಅವನನ್ನು ಮತ್ತೆ ಹಾಸಿಗೆಯ ಹಿಂದೆ ಕೂರಿಸಿದ ಹಾಗಾಯಿತು. ನನಗೆ ತಡೆದುಕೊಳ್ಳಲಾಗಲಿಲ್ಲ.

ಒಬ್ಬರು ಹಾಡಿ ಕಳಿಸುವುದು, ಇನ್ನೊಬ್ಬರು ಅದರ ಮೇಲೆ ನುಡಿಸಿ ವಾಪಸ್ ಕಳಿಸುವುದು, ಇದನ್ನೂ ಮಾಡಿದೆವು. ಕೇಳಲು ಚೆನ್ನಾಗಿತ್ತು. ಆದರೆ ಮೊದಲು ಹಾಡಿದವರಿಗೆ ಆಮೇಲೆ ಬಂದವರು ಕೇಳಿಸಿರುವುದಿಲ್ಲ. ನಾನು ತಪ್ಪಿದರೆ ಅವನು ಕಾಯಬಹುದು. ಅವನು ಕಾದದ್ದು ನನಗೆ ಗೊತ್ತಾಗಿ ನಾನು ಬೇರೆ ದಾರಿ ಹಿಡಿಯುವುದು ಸಾಧ್ಯವಿಲ್ಲ. ಬಿ ಸೈಡಿನ ಮಗ್ಗಿಯ ಹಾಗೆಯೇ. ಒಂದು ಕಡೆಯಿಂದ ಮಾತ್ರ ಕೇಳುವ ಸಂಗೀತ. ಅದಕ್ಕೂ ಬೆಲೆ ಇದೆ, ಆದರೆ ನನಗೆ ಈಗ ಕೇಳಿಸಿಕೊಳ್ಳುವವಳ ಜಾಗ ಬೇಕಿತ್ತು.

ಕಳೆದ ವಾರ ಅವನು ಬಂದ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡೆವು. ನೆಲದ ಮೇಲೆ ಕೂತೆವು. ಫೋನನ್ನು ಅವನ ಮಂಡಿಯ ಹತ್ತಿರ ಇಟ್ಟೆ. “ನೀನೇ ಒತ್ತು” ಅಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ ಒತ್ತಿದ. ಈಗ ಅದಕ್ಕೆ ಸದ್ದೇ ಇಲ್ಲ. ಪರದೆಯ ಮೇಲೆ ಸೆಕೆಂಡುಗಳು ಓಡುತ್ತವೆ, ಅಷ್ಟೇ. ವಸ್ತು ಹೇಳುವ ಸರದಿ ನನ್ನದು. “ಪರದೆ” ಅಂದೆ. ಅವನು ಕಿಟಕಿಯ ಪರದೆ ನೋಡುತ್ತಾ ತುಂಬಾ ಹೊತ್ತು ಏನೂ ಹಾಡಲಿಲ್ಲ. ಹಳೆಯ ನಾನಾಗಿದ್ದರೆ “ಬೇಗ, ಟೇಪು ಹೋಗ್ತಿದೆ” ಅನ್ನುತ್ತಿದ್ದೆ. ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ಮುಚ್ಚಿಕೊಂಡೆ. ಆಮೇಲೆ ಅವನು ಬೆರಳಿನಿಂದ ನೆಲವನ್ನು ಒರೆಸಿದ ಹಾಗೆ ಉಜ್ಜತೊಡಗಿದ. ಬಟ್ಟೆ ಅಲುಗುವ ಸದ್ದು. ಅದರ ಮೇಲೆ ನಾನು ಪದವಿಲ್ಲದೆ ಒಂದೇ ಸ್ವರ ಹಿಡಿದೆ. ಅವನ ದನಿ ಈಗ ನನಗಿಂತ ಎಷ್ಟೋ ಕೆಳಗೆ ಇಳಿದಿದೆ. ಅದು ನೆಲದಡಿಯಿಂದ ಬಂದ ಹಾಗೆ ಬಂದು ನನ್ನ ಸ್ವರದ ಕೆಳಗೆ ಕೂತಿತು. ಎಲ್ಲೂ ಓಡಲಿಲ್ಲ. ನಾನೇ ಎರಡು ಸಲ ಓಡಿದೆ. ಅವನು ಹಾಗೇ ಹಿಡಿದುಕೊಂಡಿದ್ದ, ನಾನು ವಾಪಸ್ ಬಂದೆ.

ಒಂದು ಹಂತದಲ್ಲಿ ನನ್ನಲ್ಲಿದ್ದದ್ದೆಲ್ಲ ಖಾಲಿಯಾಯಿತು ಅನ್ನಿಸಿತು. ಮೊದಲ ಸ್ವರಕ್ಕೆ ಬಂದು, ಎಳೆದು, ನಿಲ್ಲಿಸಿದೆ. ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಅವನ ಬೆರಳು ನೆಲದ ಮೇಲೆ ಆಡುತ್ತಲೇ ಇತ್ತು. ನನ್ನ ಕಣ್ಣು ತಾನಾಗಿಯೇ ಅವನ ಇನ್ನೊಂದು ಕೈಯ ಕಡೆ, ಫೋನಿನ ಕಡೆ ಹೋಯಿತು. ಆ ಕೈ ಅಲುಗಲಿಲ್ಲ.

“ಇನ್ನೂ ಇದ್ಯಾ ಅಕ್ಕಾ?” ಅಂದ.

ಸ್ವಲ್ಪ ಹೊತ್ತು ಬಿಟ್ಟು ನಾನು ಮತ್ತೆ ಹಾಡಿದೆ. ಫೈಲಿನಲ್ಲಿ ಅದು 31ನೇ ನಿಮಿಷ. ಒಟ್ಟು ಉದ್ದ 52 ನಿಮಿಷ.